ನಿಧನ ವಾರ್ತೆ ಬರೆಯುವವನ ಮನೆ

ಸಾವಿನ ಸುದ್ದಿ ತಂದವರನ್ನು ನಮ್ಮ ಮನೆಯಲ್ಲಿ ಒಳಗೆ ಕರೆಯುತ್ತಿರಲಿಲ್ಲ. ಜಗಲಿಯ ಎಡಗಡೆ, ಕಂಬದ ಪಕ್ಕದಲ್ಲಿ ಒಂದು ಕಬ್ಬಿಣದ ಕುರ್ಚಿ ಇತ್ತು; ಅವರು ಅಲ್ಲಿ ಕೂರುತ್ತಿದ್ದರು. ಬೇರೆ ಸುದ್ದಿ ತಂದವರು, ಅಂದರೆ ಬೋರ್‌ವೆಲ್ ಕೆಟ್ಟಿದೆ ಎನ್ನುವವರು, ಕುರಿ ದೊಡ್ಡಿಗೆ ಚಿರತೆ ನುಗ್ಗಿತು ಎನ್ನುವವರು, ಸಂಘದ ಉದ್ಘಾಟನೆಯ ಕರಪತ್ರ ಹಿಡಿದು ಬಂದವರು, ಎಲ್ಲರೂ ಬಲಗಡೆಯ ಬೆಂಚಿನ ಮೇಲೆ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಸಾವಿದ್ದವರು ತಾವಾಗಿಯೇ ಎಡಕ್ಕೆ ಹೋಗುತ್ತಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಇಂಥ ಕಡೆಗಳಲ್ಲಿ ನನ್ನ ನೆನಪು ತುಂಬ ಅಚ್ಚುಕಟ್ಟಾಗಿರುತ್ತದೆ, ಆದ್ದರಿಂದಲೇ ನಾನದನ್ನು ನಂಬುವುದಿಲ್ಲ. ಅವ್ವನನ್ನು ಕೇಳಿದರೆ ಅಲ್ಲಿ ಕುರ್ಚಿಯೇ ಇರಲಿಲ್ಲ, ಮೂಟೆಗಳಿದ್ದವು ಎನ್ನುತ್ತಾಳೆ. ಇರಲಿ. ಕುರ್ಚಿಯೋ ಮೂಟೆಯೋ, ಅಲ್ಲಿ ಕೂತವರಿಗೆ ಅಜ್ಜಿ ಒಂದು ಚೊಂಬು ನೀರು ಕೊಡುತ್ತಿದ್ದಳು, ಅವರು ಎದ್ದು ಹೋದ ಮೇಲೆ ಅದೇ ಚೊಂಬಿನಲ್ಲಿ ಉಳಿದ ನೀರನ್ನು ಜಗಲಿಗೆ ಚಿಮುಕಿಸುತ್ತಿದ್ದಳು.

ಅಪ್ಪ ತಿಪ್ಪಸಂದ್ರ ಹೋಬಳಿಗೆ ಪತ್ರಿಕೆಯೊಂದರ ವರದಿಗಾರನಾಗಿದ್ದ. ಸಂಬಳದ ಕೆಲಸವಲ್ಲ, ರಾಗಿ ಹೊಲ, ಎರಡು ಹಸು, ಇವುಗಳ ನಡುವೆ ಮಾಡುತ್ತಿದ್ದ ಕೆಲಸ. ಬೆಳಗಿನ ಮೊದಲ ಬಸ್ಸಿನ ಮೇಲಿಂದ ಪೇಪರ್ ಬಂಡಲ್ ಬೀಳುವ ಹೊತ್ತಿಗೆ ಅವನು ಸರ್ಕಲ್ಲಿನಲ್ಲಿ ನಿಂತಿರುತ್ತಿದ್ದ. ಪೇಪರು ಬಿಚ್ಚಿ ಮೊದಲು ನೋಡುತ್ತಿದ್ದದ್ದು ಏನು ಬಂದಿದೆ ಎಂದಲ್ಲ, ತಾನು ಕಳಿಸಿದ್ದರಲ್ಲಿ ಏನು ಬಿಟ್ಟುಹೋಗಿದೆ ಎಂದು. ಆಮೇಲೆ ನಾಡಕಚೇರಿ, ಆಸ್ಪತ್ರೆ, ಪೊಲೀಸ್ ಉಪಠಾಣೆ, ಹಾಲಿನ ಡೇರಿ. ಮಧ್ಯಾಹ್ನ ಊಟಕ್ಕೆ ಕೂತಾಗ ಎಡಗೈ ಪಕ್ಕದಲ್ಲಿ ಪ್ಯಾಡು. ಉಂಡು ಕೈ ತೊಳೆದವನೇ ಎಲ್ಲವನ್ನೂ ಚಿಕ್ಕ ಚಿಕ್ಕ ಅಕ್ಷರದಲ್ಲಿ ಬರೆದು, ಕವರಿಗೆ ಹಾಕಿ, ಮೇಲೆ ‘ಪತ್ರಿಕಾ ಸುದ್ದಿ, ತುರ್ತು’ ಎಂದು ಬರೆದು, ಬೆಂಗಳೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ಬೆಂಗಳೂರು ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆಯ ಡಬ್ಬಿ ಇತ್ತು. ಕಂಡಕ್ಟರ್ ಅದರೊಳಗೆ ಹಾಕಿದರೆ ಅಪ್ಪನ ದಿನ ಮುಗಿಯಿತು. ಆ ಬಸ್ಸು ತಪ್ಪಿದರೆ ಹೋಬಳಿಯಲ್ಲಿ ಆ ದಿನ ಏನೂ ನಡೆದಿಲ್ಲ ಎಂದೇ ಅರ್ಥ. ನಿಧನ ವಾರ್ತೆಗೆ ಮಾತ್ರ ಅವನು ಬಸ್ಸನ್ನು ನಿಲ್ಲಿಸಿಯಾದರೂ ಕೊಡುತ್ತಿದ್ದ. ಮಿಕ್ಕಿದ್ದೆಲ್ಲ ನಾಳೆಗೂ ಇರ್ತದೆ, ಸತ್ತೋರು ಇರಲ್ಲ ಎನ್ನುತ್ತಿದ್ದ.

ಸತ್ತವರ ಫೋಟೊಗಳು ಪತ್ರಿಕೆಯಿಂದ ಕೆಲವು ದಿನಗಳ ನಂತರ ಕವರಿನಲ್ಲಿ ವಾಪಸು ಬರುತ್ತಿದ್ದವು. ಮನೆಯವರು ಯಾರೂ ಅವನ್ನು ತೆಗೆದುಕೊಂಡು ಹೋಗಲು ಬರುತ್ತಿರಲಿಲ್ಲ. ಪೇಪರಿನಲ್ಲಿ ಸತ್ತು ಬಂದ ಫೋಟೊವನ್ನು ಮತ್ತೆ ಒಳಗೆ ತೆಗೆದುಕೊಳ್ಳಬಾರದು ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರೂ ಹಾಗೇ ನಡೆದುಕೊಳ್ಳುತ್ತಿದ್ದರು. ಅಪ್ಪನಿಗೆ ಎಸೆಯಲು ಮನಸ್ಸಿಲ್ಲ. ಹಾಗಾಗಿ ಅಡುಗೆಮನೆಯ ಹಲಗೆಯ ಮೇಲೆ, ಹುರುಳಿಕಾಳಿನ ಸೀಸೆಯ ಪಕ್ಕದಲ್ಲಿ, ಅಗಲ ಬಾಯಿಯ ಒಂದು ಗಾಜಿನ ಸೀಸೆಯ ತುಂಬ ಪಾಸ್‌ಪೋರ್ಟ್ ಅಳತೆಯ ಮುಖಗಳು. ಅವ್ವ ಅದನ್ನು ಅಲ್ಲಿಂದ ತೆಗೆಯಿರಿ ಎಂದು ಜಗಳವಾಡುತ್ತಿದ್ದಳು. ನಾನು ಅದನ್ನು ನೆಲಕ್ಕೆ ಸುರಿದು ಶಾಲೆ ಆಡುತ್ತಿದ್ದೆ. ಮುದುಕರನ್ನು ಮುಂದಿನ ಸಾಲಿಗೆ, ಮೀಸೆಯವರನ್ನು ಹಿಂದಕ್ಕೆ ಕೂರಿಸಿ ಹಾಜರಿ ಕೂಗುತ್ತಿದ್ದೆ. ಎಲ್ಲರ ಪರವಾಗಿ ನಾನೇ ‘ಹಾಜರ್’ ಎನ್ನುತ್ತಿದ್ದೆ, ಒಬ್ಬೊಬ್ಬರಿಗೆ ಒಂದೊಂದು ಗಂಟಲಿನಲ್ಲಿ. ನನಗೆ ಅದರಲ್ಲಿ ಹೆದರಿಕೆ ಕಂಡದ್ದೇ ಇಲ್ಲ. ಹೆದರಿಕೆ ಬಂದದ್ದು ಕಾಗೆಯ ದೆಸೆಯಿಂದ.

ಕಾಗೆ ನನ್ನ ನೆನಪಿನಲ್ಲಿಲ್ಲ. ಭಾರ ಮಾತ್ರ ಇದೆ. ತಲೆಯ ಮೇಲೆ ಯಾರೋ ಒದ್ದೆ ಕೈ ಇಟ್ಟು ತೆಗೆದ ಹಾಗೆ. ನಾನು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ, ಕಾಗೆ ರೊಟ್ಟಿ ಕಿತ್ತುಕೊಂಡು ಹೋಯಿತಷ್ಟೇ, ತಲೆ ಮುಟ್ಟಲೇ ಇಲ್ಲ ಎಂದು ಅವ್ವ ಈಗಲೂ ಹೇಳುತ್ತಾಳೆ. ಆದರೆ ಅವ್ವ ಆಗ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ನೋಡಿದವಳು ಅಜ್ಜಿ ಒಬ್ಬಳೇ. ಕಾಗೆ ತಲೆಯ ಮೇಲೆ ಕೂತರೆ ಸಾವಿಗೆ ಆ ತಲೆ ಗುರುತಾಯಿತು ಎಂದು ನಮ್ಮ ಕಡೆಯವರ ನಂಬಿಕೆ. ಅದಕ್ಕೆ ಪರಿಹಾರವೂ ಇದೆ. ಆ ಮನುಷ್ಯ ಸತ್ತನೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅಳಬೇಕು. ಅತ್ತರೆ ಸಾವಿಗೆ ತನ್ನ ಪಾಲು ಸಂದಂತೆ. ಆಮೇಲೆ ನಿಜ ಹೇಳಿ, ಬಯ್ಯಿಸಿಕೊಂಡು, ಊಟ ಮಾಡಿ ಬರಬಹುದು. ಅಪ್ಪ ಆ ದಿನ ಯಾವುದೋ ಸಭೆಗೆಂದು ರಾಮನಗರಕ್ಕೆ ಹೋಗಿದ್ದ. ಅಜ್ಜಿ ಕುರಿ ಸಾಕುವ ಪಕ್ಕದ ಮನೆಯ ಬೋರಣ್ಣನನ್ನು ಕರೆದಳು. ಅವಳು ಆಡಿದ ಮಾತನ್ನು ಬೋರಣ್ಣ ಸಾಯುವವರೆಗೂ ಎಲ್ಲರಿಗೂ ಹೇಳುತ್ತಿದ್ದ, ಹಾಗಾಗಿ ಇದು ಅವನ ನೆನಪು:

“ಲೇ ಬೋರ, ಸೋಲೂರ್ ಬಸ್ಸತ್ತು. ಇವಳ ಸೋದರಮಾವನ ಮನೆಗೋಗಿ, ಕೂಸು ಹೋಗ್ಬುಡ್ತು ಅನ್ನು. ಅವ್ರು ಗೊಳೋ ಅಂತ ಅಳ್ಬೇಕು. ಅತ್ತಾದ್ಮೇಕೆ, ಕಾಗೆ ಮುಟ್ಟಿತ್ತು ಅಂತ ಹೇಳು. ಮೊದ್ಲೇ ಬಾಯ್ಬುಟ್ಟೀಯ, ಜೋಕೆ.”

“ನಂಗೆ ನಗು ಬಂದ್ಬುಡ್ತದೆ ಕಣವ್ವ.”

“ನಗು ಬಂದ್ರೆ ಟವಲ್ ಬಾಯಿಗ್ ತುರುಕ್ಕ. ಅಳ್ತಾವ್ನೆ ಅಂದ್ಕತಾರೆ.”

ಹೊಲದಿಂದ ಬಂದ ಅವ್ವ ಇದನ್ನು ಕೇಳಿ, ತನ್ನ ತವರಿಗೇ ಯಾಕೆ ಕಳಿಸಬೇಕಿತ್ತು ಎಂದು ರೇಗಿದಳು.

“ತವರೋರೇ ಕಣಮ್ಮಿ ಚೆನ್ನಾಗ್ ಅಳೋದು,” ಎಂದಳು ಅಜ್ಜಿ.

ಸೋಲೂರಿನಲ್ಲಿ ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಅತ್ತರು. ಬೋರಣ್ಣ ಬಾಯಿಗೆ ಟವಲು ತುರುಕಿಕೊಂಡು ನಿಂತಿರುವಾಗಲೇ ನನ್ನ ಮಾವ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಸ್‌ಸ್ಟ್ಯಾಂಡಿಗೆ ಓಡಿದ. ಅಲ್ಲಿ ಬೆಂಗಳೂರು ಬಸ್ಸಿನ ಬಾಗಿಲಲ್ಲಿ ತನ್ನ ದಿನದ ಕವರು ಹಿಡಿದು ನಿಂತಿದ್ದವನು ಶಿವನಂಜಪ್ಪ, ಅಪ್ಪನದೇ ಪತ್ರಿಕೆಗೆ ಸೋಲೂರಿನ ವರದಿಗಾರ, ಅಪ್ಪನ ಗೆಳೆಯ. ಬೇರೆ ಯಾರ ಮನೆಯ ಸಾವಾಗಿದ್ದರೂ ಅವನು ಎರಡು ಕಡೆ ಕೇಳಿಯೇ ಬರೆಯುತ್ತಿದ್ದ. ಆದರೆ ವರದಿಗಾರನ ಮನೆಯಲ್ಲೇ ಸಾವಾದರೆ ಅವನಿಗೆ ಫೋನು ಮಾಡಿ ನಿಜವೇನಪ್ಪ ಎಂದು ಕೇಳುವುದು ಹೇಗೆ? ಕೇಳಬಾರದು, ಅವನ ಪರವಾಗಿ ಬರೆದು ಹಾಕಬೇಕು. ಅದು ಅವರೊಳಗಿನ ಮರ್ಯಾದೆ. ಮಾವನ ಬಾಯಿಂದ ಸುದ್ದಿ ಕೇಳಿದ ಶಿವನಂಜಪ್ಪ ಕವರು ಒಡೆದು, ಬಸ್ಸಿನ ಮೆಟ್ಟಿಲ ಮೇಲೆಯೇ ಕೂತು ಬರೆದ. ಮಾವನ ಪರ್ಸಿನಲ್ಲಿ ಅವನ ಮದುವೆಯಲ್ಲಿ ತೆಗೆದ ನನ್ನ ಚಿಕ್ಕ ಫೋಟೊ ಇತ್ತು. ಅದನ್ನೂ ಕವರಿಗೆ ಸೇರಿಸಿದ. ಬಸ್ಸು ಹೊರಟಿತು. ಬೋರಣ್ಣ ಓಡಿ ಬಂದು ಮಾವನನ್ನು ಹಿಡಿದು ನಿಜ ಹೇಳುವ ಹೊತ್ತಿಗೆ ಶಿವನಂಜಪ್ಪನೂ ಬೈಕಿನಲ್ಲಿ ಮಾಗಡಿ ಕಡೆಗೆ ಹೋಗಿಬಿಟ್ಟಿದ್ದ, ಅಲ್ಲಿನ ವರದಿಗಾರರನ್ನು ಕಟ್ಟಿಕೊಂಡು ಮಣ್ಣಿಗೆ ಬರಲು.

ಸಂಜೆ ಅವರೆಲ್ಲ ನಮ್ಮ ಮನೆಯ ಮುಂದೆ ಇಳಿದರು. ನಾನು ಜಗಲಿಯ ಮೇಲಿದ್ದೆ. ಅವರ ಕೈಯಲ್ಲಿ ದಪ್ಪನೆಯ ಸೇವಂತಿಗೆ ಹಾರ ಇತ್ತು. ಶಿವನಂಜಪ್ಪ ಹಾರವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಒಯ್ದ.

“ಏನ್ ಮಗಾ… ಏನ್ ಮಾಡ್ತಾ ಇದೀಯ?”

“ಪುರಿ ತಿಂತಾ ಇವ್ನಿ ಮಾಮ.”

ಅಷ್ಟರಲ್ಲಿ ರಾಮನಗರದ ಕಡೆಯಿಂದ ಬಂದ ಅಪ್ಪ ಸರ್ಕಲ್ಲಿನಿಂದ ನಡೆದು ಬಂದ. ಗೆಳೆಯರನ್ನೂ ಹಾರವನ್ನೂ ನೋಡಿದ. ಅವನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

“ಯಾರ್ಲಾ ಹೋದ್ರು?” ಎಂದ.

ಯಾರು ಉತ್ತರ ಹೇಳಿದರೋ ನನಗೆ ತಿಳಿಯದು. ಅಜ್ಜಿ ಒಳಗಿನಿಂದ ಬಂದು ಎಲ್ಲವನ್ನೂ ವಿವರಿಸಿ ನಗತೊಡಗಿದ ಮೇಲೆ ಎಲ್ಲರೂ ನಕ್ಕರು; ಒಬ್ಬ ಕಣ್ಣೊರೆಸಿಕೊಂಡ. ಕಾಫಿ ಬಂತು. ತಂದ ಹಾರ ವಾಪಸು ಹೋಗಬಾರದೆಂದು ಅಜ್ಜಿ ಅದನ್ನು ಇಸಿದುಕೊಂಡು ಹಿತ್ತಿಲ ರುಬ್ಬುವ ಗುಂಡುಕಲ್ಲಿಗೆ ಹಾಕಿದಳು, ನನ್ನ ಬದಲಿಗೆಂದು ಆ ಕಲ್ಲಿಗೆ ನನ್ನ ಹಳೆಯ ಲಂಗವೊಂದನ್ನು ಸುತ್ತಿ. ಶಿವನಂಜಪ್ಪ ಮಾತ್ರ ಎರಡು ಸಲ ಎದ್ದು, ಮನೆಗೆ ಫೋನ್ ಮಾಡಿ ಬತ್ತೀನಿ ಎಂದು ಸರ್ಕಲ್ಲಿನ ಎಸ್‌ಟಿಡಿ ಬೂತಿಗೆ ಹೋಗಿ ಬಂದ. ಬೆಂಗಳೂರಿನ ಪತ್ರಿಕಾ ಕಚೇರಿಯ ಲೈನು ಅವನಿಗೆ ಸಿಗಲಿಲ್ಲ. ಕವರು ಕಳಿಸಿದ್ದನ್ನು ಅವನು ಹೇಳಲೂ ಇಲ್ಲ. ಹೋಗುವಾಗ ನನ್ನ ಕೆನ್ನೆ ಮುಟ್ಟಿ ಬೆರಳನ್ನು ಒಂದು ಗಳಿಗೆ ಅಲ್ಲೇ ಇಟ್ಟುಕೊಂಡಿದ್ದ.

ಮರುದಿನ ಬೆಳಿಗ್ಗೆ ಬಂಡಲ್ ತಡವಾಗಿ ಬಂತು. ಅಪ್ಪ ಸರ್ಕಲ್ಲಿನಲ್ಲಿ ಪೇಪರು ಬಿಚ್ಚಿ, ಮಡಚಿ, ಇನ್ನೂ ಚಿಕ್ಕದಾಗಿ ಮಡಚಿ, ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಬರುವಷ್ಟರಲ್ಲಿ ನಾನು ಕೆರೆ ಏರಿಯ ದಾರಿಯಲ್ಲಿ ಶಾಲೆಗೆ ಹೊರಟಿದ್ದೆ. ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರು ಪೇಪರಿನ ಸುದ್ದಿ ಓದುವ ವಾಡಿಕೆ. ನಾನು ಗೇಟು ದಾಟಿದಾಗ ಇಡೀ ಶಾಲೆ ಮೈದಾನದಲ್ಲಿ ತಲೆ ಬಗ್ಗಿಸಿ, ಕೈ ಕಟ್ಟಿ ನಿಂತಿತ್ತು. ಒಂದು ಸದ್ದೂ ಇಲ್ಲ. ಯಾರೋ ದೊಡ್ಡವರು ಸತ್ತಿರಬೇಕು, ರಜೆ ಕೊಡುತ್ತಾರೆ ಅಂದುಕೊಂಡೆ. ನನ್ನ ಸಾಲಿನ ಕೊನೆಗೆ ಹೋಗಿ ನಾನೂ ತಲೆ ಬಗ್ಗಿಸಿ ನಿಂತೆ. ನನಗಾಗಿ ನಿಂತ ಆ ಮೌನ ಎಷ್ಟು ಹೊತ್ತಿನದೋ, ಮುಂದೆ ನೂರಾರು ಶ್ರದ್ಧಾಂಜಲಿ ಸಭೆಗಳ ವರದಿ ಮಾಡಿದ್ದೇನೆ, ಯಾವುದೂ ಅಷ್ಟು ಶುದ್ಧವಾಗಿರಲಿಲ್ಲ. ಹೆಡ್‌ಮಾಸ್ತರು ಕಣ್ಣು ತೆರೆದರು. ನನ್ನನ್ನು ನೋಡಿದರು. ಕೈಯಲ್ಲಿದ್ದ ಪೇಪರು ನೋಡಿದರು. ಆಮೇಲೆ ಬಹಳ ಮೆತ್ತಗೆ, ಹಸುವಿಗೋ ದೇವರಿಗೋ ಹೇಳುವಂತೆ ಹೇಳಿದರು:

“ಮನೆಗ್ ಹೋಗಮ್ಮ. ಹಿಂದಕ್ ತಿರುಗ್ದೆ ಹೋಗು.”

ಪೇಪರಿನಲ್ಲಿ ಇದ್ದದ್ದು ಬೆರಳುದ್ದದ ಸುದ್ದಿ. ಪತ್ರಕರ್ತನ ಪುತ್ರಿ ನಿಧನ. ಕುಮಾರಿ ಶೈಲಜಾ ಅಲ್ಪಕಾಲದ ಅನಾರೋಗ್ಯದಿಂದ ನಿಧನ ಹೊಂದಿದ್ದಾಳೆ, ಆಟಪಾಠಗಳಲ್ಲಿ ಮುಂದಿದ್ದಳು. ಅನಾರೋಗ್ಯವನ್ನೂ ಆಟಪಾಠವನ್ನೂ ಶಿವನಂಜಪ್ಪ ಮೆಟ್ಟಿಲ ಮೇಲೆ ಕೂತು ಕೈಯಿಂದ ಸೇರಿಸಿದ್ದ. ನಾನು ಯಾವುದರಲ್ಲೂ ಮುಂದಿರಲಿಲ್ಲ. ಪೇಪರಿನ ಶೈಲಜಾ ನನಗಿಂತ ಒಳ್ಳೆಯ ಹುಡುಗಿ ಎಂದು ಆಗಲೇ ಅನ್ನಿಸಿತ್ತು ಎಂದು ಬರೆಯಲು ಆಸೆ. ಆದರೆ ಅದು ಆಮೇಲೆ ಬಂದ ಯೋಚನೆಯಿರಬೇಕು. ಅವತ್ತು ನನಗೆ ಬೇಕಾಗಿದ್ದದ್ದು ಒಂದೇ. ನಾಳೆಯ ಪೇಪರಿನಲ್ಲಿ ನಾನು ಬದುಕಿದ್ದೇನೆ ಎಂದು ಬರಬೇಕು. ಬಂದರೆ ಶಾಲೆಗೆ ಹೋಗಬಹುದು, ಹಿಂದಕ್ಕೂ ತಿರುಗಿ ನೋಡಬಹುದು. ಅವ್ವನಿಗೂ ಅದೇ ಬೇಕಾಗಿತ್ತು. ಮಾಡಬೇಕಾದವನು ಅಪ್ಪ. ಅವನು ಪ್ಯಾಡು ತೆಗೆದುಕೊಂಡು ‘ತಿದ್ದುಪಡಿ’ ಎಂದು ಮೇಲೆ ಬರೆದ. ಅಜ್ಜಿ ಅವನ ಕೈ ಹಿಡಿದಳು.

“ಏನ್ ಬರೀತಿದ್ದೀಯ?”

“ಸುದ್ದಿ ಸುಳ್ಳು ಅಂತ ಹಾಕ್ಬೇಕಲ್ಲವ್ವ.”

“ಹಾಕ್ಬ್ಯಾಡ. ಸೋಲೂರೋರು ಅಳ್ಳಿ ಅಂತ ಕಳಿಸ್ದೆ. ಈಗ ರಾಮನಗರ, ಚನ್ನಪಟ್ಣ, ಕನಕಪುರ, ಎಲ್ಲಾ ಕಡೆ ಓದ್ದೋರು ಅಯ್ಯೋ ಪಾಪ ಅಂದವ್ರೆ. ಇಷ್ಟ್ ಜನ ಯಾವ್ ಕೂಸಿಗ್ ಅತ್ತವ್ರೆ ಹೇಳು. ಸುಳ್ಳು ಅಂತ ಹಾಕುದ್ರೆ ಕೊಟ್ಟಿದ್ದ ವಾಪಸ್ ಕೇಳ್ದಂಗೆ. ಅದು ಮತ್ತೆ ಬತ್ತದೆ.”

“ಯಾವ್ದು?”

ಅಜ್ಜಿ ಬಾಯಿಗೆ ಬೆರಳಿಟ್ಟು, ನನ್ನ ತಲೆಯನ್ನು ಸೆರಗಿನಿಂದ ಮುಚ್ಚಿದಳು.

“ನನ್ ಮಗಳು ಬದುಕವ್ಳೆ ಅಂತ ಹೇಳಾಕೂ ಭಯ ಬೀಳ್ಬೇಕಾ ಅತ್ತೆ?” ಎಂದಳು ಅವ್ವ.

“ಬದುಕವ್ಳೆ ಅಂತ ನಿಂಗೊತ್ತು, ನಂಗೊತ್ತು. ಸಾಲದಾ? ಅದಕ್ಯಾಕ್ ಗೊತ್ತಾಗ್ಬೇಕು?”

ಮಧ್ಯಾಹ್ನ ಶಿವನಂಜಪ್ಪ ಬಂದು ಎಡಗಡೆಯ ಕುರ್ಚಿಯ ಮೇಲೆ ಕೂತ. ತಿದ್ದುಪಡಿ ಹೋದರೆ ತನ್ನನ್ನು ತೆಗೆಯುತ್ತಾರೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹಾಕಪ್ಪ ರುದ್ರೇಶ, ತಪ್ಪು ನಂದೇ ಎಂದಷ್ಟೇ ಹೇಳಿದ. ಅಪ್ಪ ಪ್ಯಾಡಿನ ಹಾಳೆಯನ್ನು ಹರಿಯಲಿಲ್ಲ, ಕಳಿಸಲೂ ಇಲ್ಲ. ನಾಳೆ ನೋಡೋಣ ಎಂದ. ಜೀವನದಲ್ಲಿ ಸುದ್ದಿಯೊಂದಕ್ಕೆ ಅಪ್ಪ ನಾಳೆ ಎಂದದ್ದು ಅದೇ ಮೊದಲು.

ಆಮೇಲಿನ ತಿಂಗಳುಗಳಲ್ಲಿ ಮನೆ ಹೊರಗಿನಿಂದ ಹಾಗೇ ಇತ್ತು. ಒಳಗೆ ನನ್ನ ಹೆಸರು ಇರಲಿಲ್ಲ. ಅಜ್ಜಿ ನನ್ನನ್ನು ತಿಪ್ಪೆಯ ಹತ್ತಿರ ಕರೆದುಕೊಂಡು ಹೋಗಿ, ಹಣೆಗೆ ಅದರ ಮಣ್ಣು ಮುಟ್ಟಿಸಿ, ಇವತ್ತಿಂದ ನೀನು ತಿಪ್ಪಿ ಎಂದಳು. ಎಸೆದ ವಸ್ತುವನ್ನು ಸಾವು ಮೂಸುವುದಿಲ್ಲವಂತೆ. ಶೈಲಜಾ ಎಂದು ಯಾರಾದರೂ ಕೂಗಿದರೆ ಅಜ್ಜಿ ಬಾಯಿಗೆ ಬೆರಳಿಡುತ್ತಿದ್ದಳು. ಅಪ್ಪ ಯಾವ ಹೆಸರನ್ನೂ ಕರೆಯದೆ ‘ಬಾರಮ್ಮ’ ‘ತಗಳಮ್ಮ’ ಎಂದು ನಿಭಾಯಿಸಿದ. ಅವ್ವ ಮಾತ್ರ ಬಚ್ಚಲಲ್ಲಿ ನೀರು ಹುಯ್ಯುವಾಗ, ಹಂಡೆಯ ಸದ್ದಿನಲ್ಲಿ, ನನ್ನ ಕಿವಿಗೆ ಬಾಯಿಟ್ಟು ಶೈಲ, ಶೈಲ ಎನ್ನುತ್ತಿದ್ದಳು. ಶಾಲೆಗೆ ಮತ್ತೆ ಹೋದೆ. ಹೆಡ್‌ಮಾಸ್ತರು ಎಲ್ಲ ತಪ್ಪು ತಿಳಿವಳಿಕೆ ಎಂದು ನಕ್ಕರು. ಆದರೂ ನನ್ನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬರು ಕೂರುವಷ್ಟು ಜಾಗ ಯಾವಾಗಲೂ ಖಾಲಿ. ಹುಡುಗಿಯರು ಪಂತ ಕಟ್ಟಿ ನನ್ನನ್ನು ಮುಟ್ಟಿ ಓಡಿಹೋಗುತ್ತಿದ್ದರು. ತಣ್ಣಗವ್ಳೆ ಕಣೇ, ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಕೇಳಿತ್ತು. ಮನೆಗೆ ಬಂದು ನನ್ನ ಕೈಯಿಂದ ನನ್ನ ಇನ್ನೊಂದು ಕೈ ಮುಟ್ಟಿ ನೋಡಿಕೊಂಡೆ. ಹಾಗೆ ನೋಡಿಕೊಂಡರೆ ಏನೂ ತಿಳಿಯುವುದಿಲ್ಲ.

ಒಂದು ದಿನ ಸೀಸೆ ಸುರಿದು ಹಾಜರಿ ಕೂಗುತ್ತಿದ್ದಾಗ ಮೀಸೆಯವರ ಸಾಲಿನಲ್ಲಿ ನನ್ನ ಮುಖ ಸಿಕ್ಕಿತು. ಪತ್ರಿಕೆಯಿಂದ ವಾಪಸು ಬಂದ, ಮಾವನ ಪರ್ಸಿನಲ್ಲಿದ್ದ ಫೋಟೊವನ್ನು ಅಜ್ಜಿ ಅದರೊಳಗೆ ಹಾಕಿದ್ದಳು. ಮಿಕ್ಕವು ಹೋಗುವ ಜಾಗಕ್ಕೆ. ಮದುವೆಯ ದಿನ ಎರಡು ಜಡೆ ಹಾಕಿ ಕಾಡಿಗೆ ಇಟ್ಟಿದ್ದ, ಈಗಿನ ನನಗಿಂತ ಚಿಕ್ಕವಳಾದ ಹುಡುಗಿ. ನಾನು ಅವಳನ್ನು ಮುದುಕರ ಮುಂದೆ ಕೂರಿಸಿ ಹೆಸರು ಕೂಗಿದೆ. ‘ಹಾಜರ್’ ಎನ್ನಲು ಗಂಟಲು ಬರಲಿಲ್ಲ. ಬೇರೆಲ್ಲರ ಗಂಟಲೂ ನನಗೆ ಗೊತ್ತಿತ್ತು. ಶಾಲೆಯಾಟ ಅವತ್ತಿಗೆ ನಿಂತಿತು.

ಪಿತೃಪಕ್ಷ ಬಂತು. ನಡುಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದು, ಸತ್ತವರ ಹೆಸರಿಗೆ ಒಂದೊಂದು ಬಾಳೆ ಎಲೆ, ಅದರ ಮುಂದೆ ಹೊಸ ಬಟ್ಟೆ. ಬಡಿಸಿದ ಮೇಲೆ ಎಲ್ಲರೂ ಆಚೆ ಬಂದು ಬಾಗಿಲು ಹಾಕಿಕೊಂಡು ನಿಲ್ಲಬೇಕು. ಅವರು ಬಂದು ಉಂಡು ಹೋಗಲಿ ಎಂದು. ತಾತನ ಎಲೆ, ತಾತನ ಅಣ್ಣನ ಎಲೆ, ಅವುಗಳ ಪಕ್ಕದಲ್ಲಿ ತುದಿ ಕತ್ತರಿಸಿದ ಒಂದು ಚಿಕ್ಕ ಎಲೆ ಇತ್ತು. ಅದರ ಮುಂದೆ ಹಸಿರು ಲಂಗ. ನಾನು ಅವ್ವನ ಕಡೆ ನೋಡಿದೆ; ಅವ್ವನಿಗೂ ಅದು ಆಗಲೇ ಕಂಡದ್ದು ಎಂದು ಅವಳ ಮುಖ ಹೇಳಿತು. ಆದರೆ ಎಡೆಯ ಮುಂದೆ ಜಗಳ ಆಡಬಾರದು. ಅಜ್ಜಿ ಎಲ್ಲರನ್ನೂ ಆಚೆಗೆ ಕರೆದು ಬಾಗಿಲು ಎಳೆದುಕೊಂಡಳು. ನಾವು ಜಗಲಿಯ ಮೇಲೆ ನಿಂತೆವು, ಮಧ್ಯಾಹ್ನದ ಬಿಸಿಲಲ್ಲಿ. ಒಳಗಿನಿಂದ ಬಾಳೆ ಎಲೆ ಸರಿದ ಸದ್ದು ಬಂತು. ಗಾಳಿ ಎಂದ ಅಪ್ಪ. ಗಾಳಿ ಇರಲಿಲ್ಲ ಎಂದು ನಾನು ಬರೆದರೆ ಅದು ಕಥೆಗೆ ಚೆನ್ನಾಗಿರುತ್ತದೆ. ನಿಜವಾಗಿ ಗಾಳಿ ಇತ್ತೋ ಇಲ್ಲವೋ ನನಗೆ ನೆನಪಿಲ್ಲ. ಅಜ್ಜಿ ಕೆಮ್ಮಿ ಬಾಗಿಲು ತೆಗೆದಳು. ಚಿಕ್ಕ ಎಲೆಯ ಮೇಲಿನ ಒಬ್ಬಟ್ಟಿನ ಒಂದು ಅಂಚು ಇರಲಿಲ್ಲ. ಸುಡುವಾಗಲೇ ಮುರಿದಿತ್ತು ಎನ್ನುತ್ತಾಳೆ ಅವ್ವ. ಎಡೆಯ ಬಟ್ಟೆಯನ್ನು ಆಮೇಲೆ ಮನೆಯವರು ಉಡುವುದು ರೂಢಿ, ಹಾಗಾಗಿ ಅಜ್ಜಿ ಆ ಲಂಗವನ್ನು ನನಗೆ ಕೊಟ್ಟಳು. ಅದು ನನ್ನ ಸೊಂಟ ಹತ್ತಲಿಲ್ಲ. ಅಜ್ಜಿ ಫೋಟೊದ ಹುಡುಗಿಯ ಅಳತೆಗೆ ತಂದಿದ್ದಳು.

ಅವ್ವ ಆ ಲಂಗವನ್ನು ಕೈಯಲ್ಲಿ ಹಿಡಿದೇ ಅಪ್ಪನ ಎದುರು ನಿಂತಳು.

“ಇವತ್ತು ಕವರ್ ಹೋಗ್ಬೇಕು. ಹೋಗ್ನಿಲ್ಲ ಅಂದ್ರೆ ನಾನೂ ನನ್ ಮಗ್ಳೂ ಸೋಲೂರ್ ಬಸ್ಸತ್ತೀವಿ. ಅಲ್ಲಿ ಅವಳ್ನ ಹೆಸ್ರಿಡ್ದು ಕರೀತಾರೆ.”

ಅಪ್ಪ ತಿದ್ದುಪಡಿ ಬರೆದ. ಕವರು ಅಂಟಿಸಿದ. ಬಸ್ಸಿಗೆ ಹೊರಟವನನ್ನು ಅಜ್ಜಿ ತಡೆಯಲಿಲ್ಲ. ಹೊಸಿಲ ಮೇಲೆ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ಮೈ ಕೆಂಡದಂತೆ ಸುಡುತ್ತಿತ್ತು. ಕವರು ಜೇಬಿನಲ್ಲೇ ಉಳಿಯಿತು. ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ವಯಸ್ಸಾಗಿದೆ, ಹೇಳಬೇಕಾದವರಿಗೆ ಹೇಳಿಕೊಳ್ಳಿ ಎಂದರು. ದಿನಗಟ್ಟಲೆ ಅಜ್ಜಿ ಕಣ್ಣು ಬಿಡಲಿಲ್ಲ. ಅಪ್ಪನಿಗೆ ಒಂದು ಅಭ್ಯಾಸ. ಊರಿನ ದೊಡ್ಡವರು ಹಾಸಿಗೆ ಹಿಡಿದರೆ ಬಸ್ಸು ತಪ್ಪಬಾರದೆಂದು ನಿಧನ ವಾರ್ತೆಯನ್ನು ಮುಂಚೆಯೇ ಬರೆದಿಟ್ಟುಕೊಳ್ಳುತ್ತಿದ್ದ, ವಯಸ್ಸಿನ ಜಾಗ ಮತ್ತು ದಿನದ ಜಾಗ ಖಾಲಿ ಬಿಟ್ಟು. ಬೆಳಗಿನ ಹೊತ್ತು, ಅಜ್ಜಿಯ ಹಾಸಿಗೆಯ ಪಕ್ಕದಲ್ಲೇ ಗೋಡೆಗೊರಗಿ ಕೂತು, ಅವಳದನ್ನೂ ಬರೆದ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದಳು:

“ನಂದಾ?”

ಅಪ್ಪ ಹಾಳೆಯನ್ನು ಮಗುಚಿ ಹಿಡಿದ.

“ಓದ್ಲಾ. ಒಸಿ ಜೋರಾಗಿ.”

ಅಪ್ಪ ಓದಿದ. ಊರು, ಹೆಸರು, ದೈವಭಕ್ತೆ, ನಾಟಿ ಔಷಧಿ ಕೊಡುತ್ತಿದ್ದರು. ಕೊನೆಗೆ ಎಲ್ಲ ನಿಧನ ವಾರ್ತೆಗಳಲ್ಲೂ ಬರುವ ಸಾಲು, ಹಿಂದೆ ಯಾರು ಉಳಿದರು ಎಂದು: ಮೃತರಿಗೆ ಪುತ್ರ, ಸೊಸೆ ಇದ್ದಾರೆ.

“ಕೂಸು?”

“ನೀನೇ ಬ್ಯಾಡ ಅಂದ್ಯಲ್ಲವ್ವ.”

“ಅದ್ರಲ್ ಬ್ಯಾಡ ಅಂದೆ. ಇದ್ರಲ್ ಬರ್ಕ. ಮೊಮ್ಮಗಳು ಅಂತ ಹಾಕಿ ಹೆಸ್ರೂ ಹಾಕು. ನಾನ್ ಹೋದ್ರೆ ಅದಕ್ ಒಬ್ರು ಸಿಕ್ದಂಗಾಯ್ತಲ್ಲ. ಕೈ ತುಂಬಿರೋವಾಗ ಅದು ಅವಳ್ನ ಯಾಕ್ ಹುಡುಕ್ಕಂಡ್ ಬತ್ತದೆ?”

ಅಪ್ಪ ಅವ್ವನ ಕಡೆ ನೋಡಿದ. ಅವ್ವ ನನ್ನನ್ನು ತನ್ನ ಕಡೆಗೆ ಎಳೆದುಕೊಂಡು ನಿಂತಿದ್ದಳು.

“ಸರಿ. ಅಂಗೇ ಆಗ್ಲಿ ಅತ್ತೆ,” ಎಂದಳು.

ಇಷ್ಟು ಸುಲಭವಾಗಿ ಅವ್ವ ಯಾವತ್ತೂ ಅಜ್ಜಿಯ ಮಾತಿಗೆ ಒಪ್ಪಿದವಳಲ್ಲ. ಆ ಕೋಣೆಯಲ್ಲಿ ಎಲ್ಲರೂ, ಅಜ್ಜಿಯೂ ಸೇರಿ, ಇನ್ನು ಒಂದೆರಡು ದಿನದ ಮಾತು ಎಂದುಕೊಂಡಿದ್ದರು. ಅಪ್ಪ ನನ್ನ ಹೆಸರು ಬರೆದ. ಅಷ್ಟು ದಿನಗಳಲ್ಲಿ ನಾನು ಮನೆಯೊಳಗೆ ನನ್ನ ಹೆಸರನ್ನು ನೋಡಿದ್ದು ಅದೇ ಮೊದಲು, ಅಪ್ಪನ ಚಿಕ್ಕ ಅಕ್ಷರದಲ್ಲಿ, ಅಜ್ಜಿಯ ಸಾವಿನ ಸುದ್ದಿಯ ಕೊನೆಯ ಹೆಸರಾಗಿ. ಅಜ್ಜಿ ಹೋದ ದಿನ ನಾನು ಬದುಕುತ್ತೇನೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಜ್ಜಿ ಸಾಯಲಿಲ್ಲ. ಕೆಲವು ದಿನಗಳಲ್ಲಿ ಎದ್ದು ಕೂತು ಗಂಜಿ ಕೇಳಿದಳು, ಆಮೇಲೆ ಗಂಜಿಗೆ ಉಪ್ಪಿನಕಾಯಿ ಕೇಳಿದಳು. ವರ್ಷಗಟ್ಟಲೆ ಬದುಕಿದಳು. ಆ ವರ್ಷಗಳೇ ನನ್ನ ಬಾಲ್ಯ, ಮತ್ತು ಅವನ್ನು ನಾನು ಬೇರೆ ಮಕ್ಕಳಂತೆ ಕಳೆಯಲಿಲ್ಲ. ನಾನು ಅಜ್ಜಿಯನ್ನು ನೋಡುತ್ತಾ ಕಳೆದೆ. ಬೆಳಿಗ್ಗೆ ಎದ್ದ ಕೂಡಲೇ ಅವಳ ಹಾಸಿಗೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಸೆರಗು ಎದ್ದು ಇಳಿಯುವುದನ್ನು ನೋಡುತ್ತಿದ್ದೆ. ಅವಳು ಕೆಮ್ಮಿದರೆ ಆಟ ಬಿಟ್ಟು ಬರುತ್ತಿದ್ದೆ. ಬಚ್ಚಲಲ್ಲಿ ಜಾರಿದ ಸದ್ದಾದರೆ ಮೊದಲು ಓಡುವವಳು ನಾನೇ. ಊರಿನವರು ಮೊಮ್ಮಗಳ ಪ್ರೀತಿ ನೋಡಿ ಎಂದು ಮೆಚ್ಚಿದರು. ಪ್ರೀತಿ ಇರಲಿಲ್ಲವೆಂದಲ್ಲ. ಅವಳ ಪಕ್ಕದಲ್ಲಲ್ಲದೆ ಬೇರೆ ಕಡೆ ನನಗೆ ನಿದ್ದೆ ಬರುತ್ತಿರಲಿಲ್ಲ, ಅವಳ ತುತ್ತಲ್ಲದೆ ಮುದ್ದೆ ಇಳಿಯುತ್ತಿರಲಿಲ್ಲ. ಕಾಯುವುದು ಮತ್ತು ಪ್ರೀತಿ ಎರಡೂ ಒಂದೇ ಜಾಗದಲ್ಲಿ ಕೂತು ನೋಡುತ್ತಿದ್ದವು. ಹೊರಗಿನಿಂದ ನೋಡಿದವರಿಗೆ ಇರಲಿ, ನನಗೇ ಅವನ್ನು ಬೇರೆ ಮಾಡಲು ಆಗುತ್ತಿರಲಿಲ್ಲ. ಅಜ್ಜಿಗೆ ಆಗುತ್ತಿತ್ತು.

“ಏನ್ ನೋಡ್ತೀಯೆ ತಿಪ್ಪಿ,” ಎನ್ನುತ್ತಿದ್ದಳು ಕಣ್ಣು ಬಿಡುವ ಮೊದಲೇ. “ಇನ್ನೂ ಇವ್ನಿ. ಹೋಗು, ಮೊಕ ತೊಳ್ಕ.”

ಅಪ್ಪನ ಕಣ್ಣು ಮಂಜಾದ ಮೇಲೆ ಅವನ ಬರಹವನ್ನು ನಾನು ಮಾಡತೊಡಗಿದೆ. ನನಗೆ ಬರುವ ಒಂದೇ ಕೆಲಸ ಅದಾಗಿತ್ತು. ಮನೆಯೊಳಗೆ ಕೂತು ಒಬ್ಬರ ಉಸಿರನ್ನು ವರ್ಷಗಟ್ಟಲೆ ಗಮನಿಸಿದವಳಿಗೆ ಹೋಬಳಿಯನ್ನು ಗಮನಿಸುವುದು ಕಷ್ಟವಲ್ಲ. ಕವರೂ ಬಸ್ಸೂ ಹೋಗಿ ಫೋನು ಬಂತು. ಸತ್ತವರ ಫೋಟೊ ಈಗ ವಾಟ್ಸಾಪಿನಲ್ಲಿ ಬರುತ್ತದೆ, ಜಗಲಿಗೆ ಯಾರೂ ಬರುವುದಿಲ್ಲ. ನನ್ನ ವರದಿಗಳ ಮೇಲೆ ನನ್ನ ಹೆಸರು ಹಾಕಬೇಡಿ, ‘ನಮ್ಮ ವರದಿಗಾರರಿಂದ’ ಎಂದಷ್ಟೇ ಹಾಕಿ ಎಂದು ಪತ್ರಿಕೆಯವರಿಗೆ ಹೇಳಿದ್ದೆ. ವಿನಯ ಎಂದುಕೊಂಡರು. ನನ್ನ ಹೆಸರು ಮೊದಲು ಬರಬೇಕಾದ ಜಾಗ ಬೇರೆ ಇತ್ತು, ಅಜ್ಜಿಯ ನಿಧನ ವಾರ್ತೆಯ ಕೊನೆಯ ಸಾಲು. ಅಲ್ಲಿ ಬರದೆ ಬೇರೆಲ್ಲೂ ಬರಲಾರೆ.

ಅಜ್ಜಿ ಒಂದು ಬೆಳಿಗ್ಗೆ, ಬಿಸಿಲು ಹತ್ತಿದ ಮೇಲೆ, ಹೋದಳು. ನಾನು ಹಾರೋಹಳ್ಳಿಯ ಕಾರ್ಖಾನೆಯೊಂದರ ಗೇಟಿನ ಮುಂದೆ ಕೂತಿದ್ದ ಕೆಲಸಗಾರರನ್ನು ಮಾತಾಡಿಸುತ್ತಿದ್ದೆ. ಅಷ್ಟು ವರ್ಷ ನೋಡಿದವಳು ಆ ಒಂದು ಗಳಿಗೆಯಲ್ಲಿ ಅಲ್ಲಿರಲಿಲ್ಲ. ಮನೆಗೆ ಬಂದಾಗ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಮಣ್ಣಿಗೆ ಇನ್ನೂ ಹೊತ್ತಿತ್ತು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ, ಅವ್ವ ಅವನ ಪಕ್ಕ.

“ಪುಟ ಬೇಗ ಮುಗೀತದೆ. ಬರ್ದುಬುಡವ್ವ,” ಎಂದ ಅಪ್ಪ. “ನಂಗೂ ಓದು.”

ನಾನು ಜಗಲಿಯ ಮೇಲೆ ಕೂತು ಫೋನಿನಲ್ಲಿ ಬರೆದೆ. ಅಪ್ಪನ ಹಳೆಯ ಹಾಳೆ ಬೇಕಾಗಲಿಲ್ಲ. ಅದು ನನಗೆ ಬಾಯಿಗೆ ಬರುತ್ತಿತ್ತು. ಊರು, ಹೆಸರು, ದೈವಭಕ್ತೆ, ನಾಟಿ ಔಷಧಿ. ಕೊನೆಯ ಸಾಲಿಗೆ ಬಂದೆ. ಪುತ್ರ, ಸೊಸೆ, ಮೊಮ್ಮಗಳು ಶೈಲಜಾ ಇದ್ದಾರೆ. ಬರೆದು ನೋಡಿದೆ. ಅದು ಇಷ್ಟು ವರ್ಷ ನಾನು ಕಾದ ಸಾಲು. ಪರದೆಯ ಮೇಲೆ ಅದು ಬೇರೆಯಾಗಿ ಕಂಡಿತು, ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಟ್ಟ ಹಾಗೆ. ಒಳಗೆ ಗೋಡೆಗೆ ಒರಗಿ ಕೂತಿರುವವಳನ್ನು ನಾನೇ ಅಲ್ಲಿ ಕೂರಿಸಿದ ಹಾಗೆ. ಎರಡು ಪದ ಅಳಿಸಿದೆ. ಅಪ್ಪನಿಗೆ ಜೋರಾಗಿ ಓದಿದೆ.

“…ಮೃತರಿಗೆ ಪುತ್ರ, ಸೊಸೆ ಇದ್ದಾರೆ.”

“ಮುಂದ್ಕೆ?” ಎಂದ ಅಪ್ಪ.

“ಅಷ್ಟೇ ಅಪ್ಪ.”

“ನಿನ್ ಹೆಸ್ರು?” ಎಂದಳು ಅವ್ವ. “ಅತ್ತೆ ಅವ್ರೇ ಹೇಳಿದ್ರಲ್ಲ.”

“ಅಜ್ಜಿ ಅಜ್ಜಿಯಾಗೇ ಹೋಗ್ಲಿ ಬುಡವ್ವ. ನನ್ ಬದ್ಲಿಗ್ ಬ್ಯಾಡ.”

ಕಳ್ಸು ಎಂದ ಅಪ್ಪ. ಕಳಿಸಿದೆ. ಅವ್ವ ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಸಮಾಧಾನಕ್ಕೆಂದು ನಾನು ಅಂದುಕೊಂಡೆ. ಆದರೆ ಅವಳು ಬೆರಳುಗಳನ್ನು ಒಂದೊಂದಾಗಿ ಒತ್ತಿ, ಅಂಗೈ ಮುಟ್ಟಿ, ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟು ಹಾಗೇ ಹಿಡಿದುಕೊಂಡಳು, ಬೆಚ್ಚಗಿದೆಯೇ ಎಂದು ನೋಡುವವಳಂತೆ.